ನಾಲ್ಕು ಮೂಲೆಯ ತೇಪೆ

ಮಾರ್ಚ್ 4, ಸೋಮವಾರ

ಬೆಳಗಿನ ಜಾವ ಕೆಟ್ಟ ಕನಸು. ರಾಜಕುಮಾರನಿಗೆ ನಾಲ್ಕು ಕಣ್ಣು. ಎರಡು ಇರಬೇಕಾದ ಜಾಗದಲ್ಲೇ ಇದ್ದವು. ಇನ್ನೆರಡು ಅದರ ಸ್ವಲ್ಪ ಕೆಳಗೆ, ನೀರಿನೊಳಗಿಂದ ಯಾರೋ ಇಣುಕಿದ ಹಾಗೆ. ಮೇಲಿನವು ರಾಜಕುಮಾರಿಯ ಕಡೆ ನೋಡುತ್ತಿದ್ದವು. ಕೆಳಗಿನವು ನನ್ನ ಕಡೆ. ಮುಚ್ಚಿಬಿಡೋಣ ಅಂತ ಮಸಿ ಸುರಿದೆ. ಅದು ಅವನ ಮುಖದ ಮೇಲೆ ನಿಲ್ಲದೆ ಜಾರಿ ನನ್ನ ಮಡಿಲಿಗೆ ಬಂತು. ಎದ್ದು ಬಟ್ಟೆ ಮುಟ್ಟಿ ನೋಡಿಕೊಂಡೆ, ಒಣಗಿಯೇ ಇತ್ತು. ಇನ್ನೊಂದು ಸಲ ಮುಟ್ಟಿ ನೋಡಿಕೊಂಡೆ.

ಅದಕ್ಕೇ ಆಫೀಸಿನಲ್ಲಿ ನನಗೆ ‘ಇನ್ನೊಂದ್ಸಲ’ ಅಂತ ಹೆಸರಿಟ್ಟಿರುವುದು. ಬೀಗ ಹಾಕಿದರೆ ಇನ್ನೊಂದ್ಸಲ ಎಳೆದು ನೋಡುತ್ತೇನೆ, ಮಸಿ ಬಾಟಲಿ ಮುಚ್ಚಿದರೆ ಇನ್ನೊಂದ್ಸಲ ತಿರುಗಿಸಿ ನೋಡುತ್ತೇನೆ. ಬೈಗುಳವೇನಲ್ಲ. ಆದರೂ ಚುಚ್ಚುತ್ತದೆ.

ಈ ಪುಸ್ತಕ ಯಾರೂ ಓದಬಾರದು. ಬರವಣಿಗೆ ನನಗೆ ಅಷ್ಟಕ್ಕಷ್ಟೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅಮ್ಮನಿಗೆ ಹುಷಾರಿರಲಿಲ್ಲ, ಅದಕ್ಕೆ. ಆದರೆ ಚಿಂತೆ ತಲೆಯಲ್ಲೇ ಇಟ್ಟುಕೊಂಡರೆ ಹುಳಿ ಬರುತ್ತದೆ. ಹಾಳೆಗೆ ಹಾಕಿದರೆ ಸ್ವಲ್ಪ ಆರುತ್ತದೆ.

ಕನಸಿಗೆ ಕಾರಣ ಕೆಲಸವೇ ಇರಬೇಕು. ನಮ್ಮದು ಚಿತ್ರಕಥೆ ಪುಸ್ತಕ ಮಾಡುವ ಪ್ರೆಸ್ಸು. ಹಿಂದೆ ಇಲ್ಲೇ ಚಿತ್ರ ಬರೆಯುತ್ತಿದ್ದ, ನಾವೆಲ್ಲ ಚಿತ್ರದಜ್ಜಿ ಅನ್ನುವ ಹಿರಿಯರು ನಲವತ್ತು ವರ್ಷದ ಹಿಂದೆ ವಾರವಾರ ಬರೆದ ‘ಏಳನೇ ಬಾಗಿಲು’ ಕಥೆಯನ್ನು ಈಗ ಒಂದೇ ಪುಸ್ತಕ ಮಾಡುತ್ತಿದ್ದೇವೆ. ಹಳೇ ಹಾಳೆಗಳಿಗೆ ಥಂಡಿ ಹಿಡಿದು ಗೆರೆ ಮಸುಕಾಗಿವೆ. ಗಾಜಿನ ಮೇಜಿನ ಮೇಲೆ ಹಳೇ ಹಾಳೆ ಇಟ್ಟು, ಕೆಳಗೆ ದೀಪ ಹಚ್ಚಿ, ಮೇಲೊಂದು ಹೊಸ ಹಾಳೆ ಹಾಸಿ, ಒಂದೊಂದೇ ಗೆರೆಯನ್ನು ಮಸಿಯಲ್ಲಿ ಹೊಸದಾಗಿ ಎಳೆಯಬೇಕು. ಐವತ್ತೆರಡು ಪುಟ. ಕೊನೆಯ ಪುಟ ಇಪ್ಪತ್ತೆಂಟನೇ ತಾರೀಕು ಅಚ್ಚಿಗೆ ಹೋಗಬೇಕು.

ಕಥೆ ಇಷ್ಟು. ಗೋಪುರದಲ್ಲಿ ರಾಜಕುಮಾರಿಯನ್ನು ಕೂಡಿಹಾಕಿದ್ದಾರೆ. ಏಳು ಬಾಗಿಲು. ಏಳನೆಯದಕ್ಕೆ ಗಂಡಸೇ ಕಾವಲಿರಬೇಕು ಅಂತ ರಾಜನ ಅಪ್ಪಣೆ. ಕಾವಲುಗಾರ ಸತ್ತಾಗ ಅವನ ಮಗಳು ಅಪ್ಪನ ಕಬ್ಬಿಣದ ಟೊಪ್ಪಿ ಮುಖ ಮುಚ್ಚುವಂತೆ ಹಾಕಿಕೊಂಡು ಅಲ್ಲಿ ನಿಲ್ಲುತ್ತಾಳೆ. ಮಾತಾಡಿದರೆ ಸಿಕ್ಕಿಬೀಳುತ್ತಾಳೆ. ಅದಕ್ಕೆ ರಾಜಕುಮಾರಿ ಒಳಗಿಂದ ಏನು ಕೇಳಿದರೂ ಬಾಗಿಲ ಮೇಲೆ ಬೆರಳಲ್ಲಿ ಕುಟ್ಟುತ್ತಾಳೆ. ಹೌದು ಅಂದರೆ ಒಂದು ‘ಟಕ್’. ಇಲ್ಲ ಅಂದರೆ ಎರಡು. ಐವತ್ತು ಪುಟ ರಾಜಕುಮಾರಿ ಮಾತಾಡುತ್ತಾಳೆ, ಇವಳು ಕುಟ್ಟುತ್ತಾಳೆ. ಕೊನೆಯ ಪುಟದಲ್ಲಿ ಟೊಪ್ಪಿ ತೆಗೆದರೆ ಒಳಗೆ ರಾಜಕುಮಾರ! ಮಂತ್ರವಾದಿಯ ಶಾಪದಿಂದ ಹೆಣ್ಣಾಗಿದ್ದನಂತೆ, ಪ್ರೀತಿಯಿಂದ ಮತ್ತೆ ಗಂಡಾದನಂತೆ. ಚಿಕ್ಕವಳಿದ್ದಾಗ ಹಳೇ ಸಂಚಿಕೆಗಳಲ್ಲಿ ಓದಿ ಆ ಪುಟಕ್ಕೆ ಬಂದಾಗ ಮುಚ್ಚಿ ಇನ್ನೊಂದ್ಸಲ ತೆರೆದು ನೋಡಿದ್ದೆ. ಖುಷಿಗೇ ಇರಬೇಕು.

ಶನಿವಾರ ಆ ಕೊನೆಯ ಪುಟವನ್ನು ಗಾಜಿನ ಮೇಲಿಟ್ಟು ಅಳತೆ ನೋಡಿದ್ದೆ. ತಕ್ಷಣ ಎತ್ತಿಟ್ಟೆ. ಯಾಕೆ ಅಷ್ಟು ಅವಸರದಲ್ಲಿ ಎತ್ತಿಟ್ಟೆನೋ.

ಬಣ್ಣ ಹಾಕುವಾಕೆ ಇವತ್ತೂ ನನ್ನ ಲೋಟದಲ್ಲೇ ಕುಂಚ ತೊಳೆದಿದ್ದಾಳೆ. ಸೇರಿ ಎರಡು ತಿಂಗಳಾಗಿಲ್ಲ, ದಿನವಿಡೀ ಶಿಳ್ಳೆ ಬೇರೆ.

ಮಾರ್ಚ್ 6, ಬುಧವಾರ

ಅಂದುಕೊಂಡಂತೆಯೇ ಆಯಿತು. ಏನೋ ಒಂದು ತಪ್ಪಾಗುತ್ತದೆ ಅಂತ ಮೊದಲೇ ಅನಿಸಿತ್ತು.

ನಮ್ಮಲ್ಲಿ ಒಂದು ಕಟ್ಟುನಿಟ್ಟು ಇದೆ: ಗಂಡಸಿಗೆ ದಪ್ಪ ನಿಬ್ಬು, ಹೆಂಗಸಿಗೆ ಸಣ್ಣ ನಿಬ್ಬು. ಕೆಲಸಕ್ಕೆ ಸೇರಿದ ಮೊದಲ ದಿನವೇ ಹೇಳಿಕೊಡುತ್ತಾರೆ. ಬಣ್ಣಕ್ಕೂ ಹಾಗೇ. ಹೆಂಗಸಿನ ಮೈಬಣ್ಣ ಎರಡನೇ ನಂಬರು, ಗಂಡಸಿನದು ಐದು. ಪ್ರೆಸ್ಸಿನ ಯಜಮಾನರು ಹಾಳೆಗಳನ್ನು ಒಂದೊಂದೇ ತಿರುವಿ ನೋಡಿ, ಕನ್ನಡಕ ಹಣೆಗೇರಿಸಿದರು.

“ಏನಮ್ಮಾ ಇದು? ಕಾವಲುಗಾರನ ಕೈಯೆಲ್ಲ ಹೆಂಗಸಿನ ಕೈ ಆಗಿದೆಯಲ್ಲ?”

ನೋಡಿದೆ. ನಿಜ. ಕವಚಕ್ಕೆ, ಟೊಪ್ಪಿಗೆ, ಬೂಟಿಗೆ ದಪ್ಪ ನಿಬ್ಬು ಹಾಕಿದ್ದೇನೆ. ಬಾಗಿಲು ಕುಟ್ಟುವ ಬರಿಗೈ ಮಾತ್ರ ಮೂವತ್ತೆಂಟು ಪುಟದಲ್ಲೂ ಸಣ್ಣ ನಿಬ್ಬಿನಲ್ಲಿದೆ. ಹನ್ನೊಂದು ವರ್ಷ ಈ ಕೆಲಸ ಮಾಡಿದವಳು ಇಂಥ ತಪ್ಪು ಮಾಡಿದ್ದೇನೆ, ಅದೂ ಗೊತ್ತೇ ಇಲ್ಲದೆ.

“ಹಳೇ ಹಾಳೇಲಿ ಹಾಗೇ ಇತ್ತು ಅನ್ಸುತ್ತೆ ಸಾರ್.”

“ಹಳೇದು ಹಾಗಿರ್ಲಿ. ಕೊನೆಗೆ ಗಂಡಾಗೋನಿಗೆ ಮೊದಲಿಂದ್ಲೂ ಗಂಡಿನ ಕೈ ಇರ್ಲಿ. ಮನೆಮಂದಿ ಓದೋ ಪುಸ್ತಕ. ಎಲ್ಲಾ ದಪ್ಪ ಮಾಡ್ಬಿಡಿ.”

ಅಂದರೆ ಮೂವತ್ತೆಂಟು ಪುಟದ ಕೈಗಳನ್ನು ತಿದ್ದಬೇಕು. ಮನೆಗೆ ಬಂದರೆ ಅಕ್ಕ ಹೊಲಿಗೆ ಮಿಷನ್ ಮೇಲಿಂದ ತಲೆಯೆತ್ತದೆ ಹೇಳಿದಳು: “ನಿಮ್ಮ ಭಾವನ ಬಸ್ ಡಿಪೋದಲ್ಲಿ ಒಬ್ಬ ರಿಪೇರಿ ಮೇಸ್ತ್ರಿ ಇದಾನೆ. ಹೆಂಡತಿ ಹೋಗಿ ಮೂರು ವರ್ಷ ಆಯ್ತಂತೆ, ಮಕ್ಕಳಿಲ್ಲ. ಮುಂದಿನ ಭಾನುವಾರ ಅಲ್ಲ, ಆಚೆ ಭಾನುವಾರ ಬರ್ತಾನೆ. ನಿನಗೆ ಮೂವತ್ತಾರಾಯ್ತು ಕಣೇ. ಇನ್ನೂ ಎಷ್ಟು ದಿನ ಬಾಗಿಲು ಕಾಯ್ತೀಯ?”

ಬಾಗಿಲು ಅಂದದ್ದಕ್ಕೆ ಬೆಚ್ಚಿಬಿದ್ದೆ. ಅಕ್ಕ ನಮ್ಮ ಪುಸ್ತಕ ಓದುವುದೇ ಇಲ್ಲ.

ಮಾರ್ಚ್ 8, ಶುಕ್ರವಾರ

ಹನ್ನೊಂದು ಪುಟ ತಿದ್ದಿದೆ. ಮಣಿಕಟ್ಟು ನೋವು. ಇದು ಬರೀ ನೋವೋ ಅಥವಾ ನರದ ಕಾಯಿಲೆಯೋ.

ಬಣ್ಣ ಹಾಕುವಾಕೆ ಬೆನ್ನ ಹಿಂದೆ ಬಂದು ನಿಂತಳು. “ಇನ್ನೊಂದ್ಸಲಮ್ಮ, ಇದೇನು ಕೈಯಾ ಕೈಚೀಲಾನಾ?”

“ಯಜಮಾನರು ಹೇಳಿದ್ದು.”

“ಮೊದ್ಲಿದ್ದ ಕೈ ಚೆನ್ನಾಗಿತ್ತು. ಬಾಗಿಲು ಕುಟ್ಟೋಕೆ ಮುಂಚೆ ಸ್ವಲ್ಪ ಯೋಚನೆ ಮಾಡೋ ಕೈ ಅದು. ಇದು ಸಾಲ ವಸೂಲಿಗೆ ಬಂದಿರೋ ಕೈ.”

ನಗು ಬಂತು. ನಕ್ಕು ಗೆರೆ ಹಾಳಾಯಿತು. ಆಕೆಯ ಮೇಲೆ ಕೋಪ ಬರಬೇಕಿತ್ತು. ಲೋಟ ತೊಳೆದು ಟೀ ತಂದುಕೊಟ್ಟಳು. ತಳದಲ್ಲಿ ನೀಲಿ ಬಣ್ಣ ಹಾಗೇ ಇತ್ತು, ವಿಷ ಇರಬಹುದೇನೋ. ಕುಡಿದೆ.

ಮಾರ್ಚ್ 11, ಸೋಮವಾರ

ರಾಜಕುಮಾರನ ಮುಖ ಬಿದ್ದುಹೋಯಿತು.

ನಾನೇನೂ ಮಾಡಲಿಲ್ಲ. ಕೊನೆಯ ಪುಟವನ್ನು ಗಾಜಿನ ಮೇಲಿಡಲು ಎತ್ತಿದೆ. ಅಷ್ಟೆ. ಒಣಗಿದ ಎಲೆ ಕಳಚಿದ ಹಾಗೆ ಮುಖ ಕಳಚಿ ನನ್ನ ಮಡಿಲಿಗೆ ಬಿತ್ತು. ಹಿಂದೆಯೇ ಅವನ ಮಾತು ಬರೆದಿದ್ದ ಗುಳ್ಳೆಯೂ ಬಿತ್ತು. ನಲವತ್ತು ವರ್ಷದ ಹಾಳೆ, ಪ್ರಪಂಚದಲ್ಲಿ ಇರುವುದು ಒಂದೇ. ಸುತ್ತ ನೋಡಿದೆ, ಯಾರೂ ನೋಡಲಿಲ್ಲ. ಎರಡೂ ಚೂರು ಈ ಪುಸ್ತಕದೊಳಗಿಟ್ಟು ಪುಸ್ತಕ ಚೀಲಕ್ಕೆ ಹಾಕಿಕೊಂಡು ಬಂದೆ.

ಕಳ್ಳಿಯೂ ಆದೆನಾ ಈಗ?

ಮಾರ್ಚ್ 12, ಮಂಗಳವಾರ

ಯಾರಿಗೂ ಹೇಳಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಎಲ್ಲರೆದುರೂ ಚೀಲ ಮುಟ್ಟಿ ನೋಡಿಕೊಳ್ಳುತ್ತಿದ್ದೇನೆ.

ಮಾರ್ಚ್ 13, ಬುಧವಾರ

ಇವತ್ತು ಧೈರ್ಯ ಮಾಡಿ ಹಾಳೆಯನ್ನು ಸರಿಯಾಗಿ ನೋಡಿದೆ.

ನಾನು ಹರಿದದ್ದಲ್ಲ. ಅದು ತೇಪೆ. ಚಿತ್ರ ತಪ್ಪಾದರೆ ಬೇರೆ ಕಾಗದದ ಮೇಲೆ ಬರೆದು ಮೇಲಿಂದ ಅಂಟಿಸುತ್ತೇವಲ್ಲ, ಅದು. ಕೆಳಗೆ ಇನ್ನೊಂದು ಮುಖವಿದೆ. ಟೊಪ್ಪಿ ತೆಗೆದ ಹೆಣ್ಣಿನ ಮುಖ. ಟೊಪ್ಪಿಯೊಳಗೆ ಬೆವರಿ ಕೂದಲು ಹಣೆಗೆ ಅಂಟಿದೆ. ಸುಂದರಿಯೇನಲ್ಲ. ರಾಜಕುಮಾರಿ ತನ್ನ ಹಣೆಯನ್ನು ಅವಳ ಹಣೆಗೆ ತಾಗಿಸಿದ್ದಾಳೆ. ಅಚ್ಚಾದ ಹಳೇ ಸಂಚಿಕೆಯಲ್ಲಿ ರಾಜಕುಮಾರಿ ತಲೆ ತಗ್ಗಿಸಿ ನಾಚಿಕೊಂಡ ಹಾಗೆ ಕಾಣುತ್ತದೆ. ಅವಳು ನಾಚಿಕೊಂಡೇ ಇರಲಿಲ್ಲ.

ಕನಸಿನ ಕೆಳಗಿನ ಎರಡು ಕಣ್ಣು ಇವಳವೇ. ಅವತ್ತು ಶನಿವಾರ ದೀಪದ ಬೆಳಕಿಗೆ ತೇಪೆಯೊಳಗಿಂದ ಕಂಡಿರಬೇಕು. ಕಂಡದ್ದನ್ನೇ ಕಾಣಲಿಲ್ಲ ಅಂದುಕೊಂಡು ಎತ್ತಿಟ್ಟಿದ್ದೇನೆ.

ಗುಳ್ಳೆಯ ತೇಪೆ ಮೇಲೆ ‘ನಿನ್ನ ಪ್ರೀತಿ ನನ್ನ ಶಾಪ ಕಳೆಯಿತು, ನಾನು ಮತ್ತೆ ಗಂಡಾದೆ’ ಅಂತಿದೆ. ಕೆಳಗಿನ ಗುಳ್ಳೆಯಲ್ಲಿ ರಾಜಕುಮಾರಿ ಕೇಳುತ್ತಾಳೆ: ‘ಇಷ್ಟು ದಿನ ಇದ್ದದ್ದು ನೀನೇನಾ?’ ಉತ್ತರ ಒಂದೇ. ‘ಟಕ್.’

ಪಕ್ಕದಲ್ಲಿ ಶಿಳ್ಳೆ ನಿಂತಿತು. ಬಣ್ಣ ಹಾಕುವವಳು ನನ್ನ ಭುಜದ ಮೇಲಿಂದ ನೋಡುತ್ತಿದ್ದಳು. ಸಿಕ್ಕಿಬಿದ್ದೆ ಅಂದುಕೊಂಡೆ.

“ಓ,” ಅಂದಳು. ಹಾಳೆಯ ಹತ್ತಿರ ಬಗ್ಗಿ, “ಹಂಗಾದ್ರೆ ಕೈ ಸರಿಯಾಗೇ ಇತ್ತು. ಮೊದಲನೇ ಪುಟದಿಂದ.”

ನನಗೆ ಅದು ಹೊಳೆದಿರಲಿಲ್ಲ.

“ನೀನು ತಪ್ಪೇ ಮಾಡಿಲ್ಲ ಕಣೆ. ನಿನ್ನ ಕೈಗೆ ಗೊತ್ತಿತ್ತು, ನಿನಗೆ ಗೊತ್ತಿರ್ಲಿಲ್ಲ.”

ಇನ್ನೂ ಒಂದು ವಿಷಯ ತಲೆ ತಿನ್ನುತ್ತಿದೆ. ಉಳಿಯಬೇಕಾದ ತೇಪೆಗೆ ಹಿಂದೆ ಪೂರ್ತಿ ಗೋಂದು ಸವರುತ್ತೇವೆ. ನಾಳೆ ಕೀಳುವ ತೇಪೆಗಾದರೆ ನಾಲ್ಕು ಮೂಲೆಗೆ ಒಂದೊಂದು ಚುಕ್ಕೆ. ಪ್ರೆಸ್ಸಿನಲ್ಲಿ ಚಿಕ್ಕ ಮಗುವಿಗೂ ಗೊತ್ತು ಇದು. ರಾಜಕುಮಾರನ ಮುಖದ ಹಿಂದೆ ನಾಲ್ಕೇ ಕಂದು ಚುಕ್ಕೆ ಇವೆ. ಚಿತ್ರದಜ್ಜಿಯಂಥ ಪಳಗಿದ ಕೈಯವರು ಇಂಥ ತಪ್ಪು ಮಾಡುತ್ತಾರಾ?

ಮಾರ್ಚ್ 17, ಭಾನುವಾರ

ಮೇಸ್ತ್ರಿ ಬಂದಿದ್ದರು. ಕೆಟ್ಟವರಾಗಿದ್ದರೆ ಎಷ್ಟು ಚೆನ್ನಾಗಿತ್ತು. ಒಳ್ಳೆಯವರು. ಉಗುರಲ್ಲಿ ಗ್ರೀಸು, ನನ್ನ ಉಗುರಲ್ಲಿ ಮಸಿ. ಅದನ್ನು ನೋಡಿ ನಕ್ಕರು: “ಇಬ್ಬರ ಕೈಯೂ ತೊಳೆದ್ರೆ ಹೋಗೋದಲ್ಲ ಬಿಡಿ.” ಅಕ್ಕ ಒಳಗೆ ಹೋದಾಗ ಮೆಲ್ಲಗೆ ಕೇಳಿದರು, “ನಿಮಗೆ ಮನಸ್ಸಿದೆಯಾ? ಇಲ್ಲದಿದ್ರೆ ಹೇಳ್ಬಿಡಿ. ನಾನು ಬೇಜಾರು ಮಾಡ್ಕೊಳ್ಳಲ್ಲ.”

ಹೇಳಿಬಿಡಬೇಕಿತ್ತು. “ಯೋಚನೆ ಮಾಡ್ತೀನಿ” ಅಂದೆ. ಹೋದ ಮೇಲೆ ಅಕ್ಕ, “ಯೋಚನೆ ಮಾಡೋಕೆ ಅವನೇನು ಗಣಿತದ ಲೆಕ್ಕಾನಾ?” ಅಂದಳು. ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕಂತೆ.

ಅವರು ಮಾತಾಡುವಾಗ ನಾನು ಕುರ್ಚಿಯ ಕೈಮೇಲೆ ಎರಡು ಸಲ ಬೆರಳು ಕುಟ್ಟಿದೆ. ಅವರಿಗೆ ಅದು ಹೇಗೆ ತಿಳಿಯಬೇಕು, ಪಾಪ.

ಮಾರ್ಚ್ 19, ಮಂಗಳವಾರ

ಮಧ್ಯಾಹ್ನ ರಜೆ ಕೇಳಿ ಚಿತ್ರದಜ್ಜಿಯ ಮನೆಗೆ ಹೋದೆವು. ಬಣ್ಣ ಹಾಕುವವಳೇ ಎಳೆದುಕೊಂಡು ಹೋದಳು. ಮೂರನೇ ಮಹಡಿ, ಎಪ್ಪತ್ತೊಂದು ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ “ವಾಪಸ್ ಹೋಗೋಣ್ವಾ” ಅಂದೆನಂತೆ. ಅವಳು ಹೇಳಿದ್ದು, ನಾನು ಅಷ್ಟು ಸಲ ಅಂದಿಲ್ಲ.

ಅಜ್ಜಿ ಕಿಟಕಿಯ ಹತ್ತಿರ ಕೂತಿದ್ದರು. ಎರಡೂ ಕೈ ನಡುಗುತ್ತವೆ. ಕಿವಿ ಮಾತ್ರ ಚುರುಕು, ಬಾಯಿ ಅದಕ್ಕಿಂತ ಚುರುಕು.

“ಅಜ್ಜಿ, ರಾಜಕುಮಾರ ಬಿದ್ದುಹೋದ,” ಅಂದೆ.

“ಮೆಟ್ಟಲಿಂದಾನಾ?”

“ಇಲ್ಲ, ಹಾಳೆಯಿಂದ.”

ತೇಪೆ ಕೈಗಿಟ್ಟೆ. ಹಿಂದೆ ತಿರುಗಿಸಿ ನಾಲ್ಕು ಚುಕ್ಕೆ ನೋಡಿದರು. ಕೆಮ್ಮು ಬರುವಷ್ಟು ನಕ್ಕರು. “ನಲವತ್ತು ವರ್ಷ ಹಿಡಿದುಕೊಂಡಿತ್ತಾ! ನಾನು ಹತ್ತು ವರ್ಷಕ್ಕೆ ಬೀಳುತ್ತೆ ಅಂದ್ಕೊಂಡಿದ್ದೆ. ಆ ಗೋಂದು ಮಾರೋನು ಭಾರಿ ಪ್ರಾಮಾಣಿಕ ಕಣೇ.”

“ನೀವೇ ಅಂಟಿಸಿದ್ದಾ ಅಜ್ಜಿ?”

“ಇನ್ನಾರು? ಈಗಿನ ಯಜಮಾನನ ಅಪ್ಪ ಹೇಳಿದ, ಕೊನೇ ಚಿತ್ರದ ಚೌಕದಲ್ಲಿ ಗಂಡು ಬೇಕು, ಇಲ್ಲದಿದ್ರೆ ನಿನಗೆ ಮುಂದಿನ ಕಥೆ ಇಲ್ಲ ಅಂತ. ನನಗೆ ಮುಂದಿನ ಕಥೆ ಬೇಕಿತ್ತು. ಅಂಟಿಸಿದೆ. ಆದರೆ ಮೂಲೆಗೆ ಮಾತ್ರ. ಯಾವತ್ತೋ ಒಂದಿನ ತಾನಾಗೇ ಬೀಳ್ಲಿ ಅಂತ.”

“ಮುಂದಿನ ಕಥೇಲಿ?”

“ಮೊದಲ ಚೌಕದಿಂದ್ಲೇ ಗಂಡು. ಹನ್ನೊಂದು ಕಥೆ ಬರೆದೆ. ಒಂದಕ್ಕೂ ತೇಪೆ ಬೇಕಾಗ್ಲಿಲ್ಲ.” ನಗು ನಿಂತಿತ್ತು. “ಅಭ್ಯಾಸ ಆಗಿಹೋಯ್ತು ನೋಡು.”

“ನಾನೀಗ ಯಾವ ಮುಖ ಬರೀಲಿ ಅಜ್ಜಿ?”

“ನನ್ನನ್ನ ಕೇಳ್ತೀಯಲ್ಲೇ. ನಾನು ಅಂಟಿಸಿದವಳು.”

ಹೊರಡುವಾಗ ಅವಳ ಕಡೆ ಕೈ ತೋರಿಸಿ ಕೇಳಿದರು, “ಈ ಹುಡುಗಿ ನಿನಗೇನಾಗ್ಬೇಕು?”

“ನಮ್ಮ ಆಫೀಸಿನವರು,” ಅಂದೆ.

ಎಪ್ಪತ್ತೊಂದು ಮೆಟ್ಟಿಲು ಇಳಿಯುವವರೆಗೂ ಅವಳು ಶಿಳ್ಳೆ ಹಾಕಲಿಲ್ಲ. ನಾನೇನು ತಪ್ಪು ಹೇಳಿದೆ? ಆಫೀಸಿನವಳೇ ತಾನೇ. ಬಸ್ ನಿಲ್ದಾಣದಲ್ಲಿ ಮೂರು ಸಲ ಕೇಳಿದೆ, “ಏನಾಯ್ತು?” ಅಂತ. “ಏನಿಲ್ಲ” ಅಂದಳು. ಮೂರು ಸಲವೂ.

ಮಾರ್ಚ್ 20, ಬುಧವಾರ

ಮೊದಲ ದಿನ ಒಂದು ಸುಳ್ಳು ಬರೆದಿದ್ದೇನೆ. ನನಗೋಸ್ಕರ ಬರೆಯುವ ಪುಸ್ತಕದಲ್ಲೂ ಸುಳ್ಳು ಬರೆದಿದ್ದೇನೆ ಅಂದರೆ ನಾನೆಂಥ ಗಿರಾಕಿ. ಅಮ್ಮ ಹುಷಾರಾಗೇ ಇದ್ದಳು.

ನಮ್ಮದು ಹುಡುಗಿಯರ ಶಾಲೆ. ನಾಟಕದಲ್ಲಿ ನಾನು ಉದ್ದ ಇದ್ದೆ ಅಂತ ರಾಜ ಮಾಡಿದರು. ರಟ್ಟಿನ ಕಿರೀಟ, ಇದ್ದಿಲಿನ ಮೀಸೆ. ಗಡಿಯಾರ ರಿಪೇರಿಯವರ ಮಗಳು ರಾಣಿ. ಕೊನೆಯಲ್ಲಿ ರಾಜ ರಾಣಿ ಕೈ ಹಿಡಿದು ನಿಲ್ಲಬೇಕು, ಪರದೆ ಬೀಳಬೇಕು. ಪರದೆ ಬಿತ್ತು. ಮಂತ್ರಿ, ಸೇನಾಪತಿ, ದಾಸಿ ಎಲ್ಲರೂ ಬಟ್ಟೆ ಬದಲಿಸೋಕೆ ಓಡಿದರು. ನಾವು ಕೈ ಬಿಡಲಿಲ್ಲ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಟೀಚರು ಬಂದು ಪರದೆ ಎತ್ತಿದಾಗ ಇನ್ನೂ ಹಾಗೇ ನಿಂತಿದ್ದೆವು. ಅವರು ಬೈಯಲಿಲ್ಲ. ಸುಮ್ಮನೆ ನೋಡಿದರು. ಮಾರನೇ ದಿನ ಅಪ್ಪನನ್ನು ಕರೆಸಿದರು, ಅದರ ಮಾರನೇ ದಿನದಿಂದ ಶಾಲೆ ಇಲ್ಲ. ‘ಅಮ್ಮನಿಗೆ ಹುಷಾರಿಲ್ಲ’ ಅಂತ ಅಪ್ಪ ಹೇಳಿಕೊಟ್ಟ. ಆ ಮಾತು ಎಷ್ಟು ಸಲ ಹೇಳಿದ್ದೇನೆಂದರೆ ನನಗೇ ಅಮ್ಮ ಮಲಗಿದ್ದ ನೆನಪಿದೆ.

ನಾಟಕದ ಹಿಂದಿನ ವಾರವೇ ‘ಏಳನೇ ಬಾಗಿಲು’ ಓದಿ ಮುಗಿಸಿದ್ದೆ. ಕೊನೆಯ ಪುಟ ಖುಷಿ ಆಗಿರಲಿಲ್ಲ. ಯಾರೋ ನನ್ನನ್ನು ಹೊರಗೆ ಹಾಕಿ ಬಾಗಿಲು ಹಾಕಿಕೊಂಡ ಹಾಗಾಗಿತ್ತು. ಹೆಣ್ಣಾಗಿದ್ದದ್ದೇ ಶಾಪ ಅಂತಿತ್ತಲ್ಲ, ಹಾಗಾದರೆ ನನ್ನ ಶಾಪ ಯಾವಾಗ ಕಳೆಯುತ್ತೆ ಅಂತ ಕಾಯುತ್ತಿದ್ದೆ. ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದೆ, ಗಂಡಾಗುತ್ತಿದ್ದೇನಾ ಅಂತ.

ಇದಿಷ್ಟನ್ನೂ ಇವತ್ತು ಟೀ ಹೊತ್ತಿನಲ್ಲಿ ಅವಳಿಗೆ ಹೇಳಿದೆ. ಯಾಕೆ ಹೇಳಿದೆನೋ. ಅವಳು ತಮಾಷೆ ಮಾಡಲಿಲ್ಲ. ಗಾಜಿನ ಮೇಜಿನ ಮೇಲೆ ಬೆರಳಿಟ್ಟು, “ಆ ಕೈ ಈಗಲೂ ನೆನಪಿದೆಯಾ?” ಅಂದಳು.

ಟಕ್ ಅಂತ ಕುಟ್ಟಿದೆ.

“ಬೇರೆ ಕೈ ಹಿಡಿದ್ರೆ ಹೆದರ್ಕೋತೀಯಾ?”

ಟಕ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಟಕ್. ಒಟ್ಟು ಎರಡಾಯಿತೋ, ಒಂದೊಂದೇ ಎರಡು ಸಲವೋ, ಅದನ್ನು ನಾನು ಹೇಳಲಿಲ್ಲ. ಅವಳು ಕೇಳಲಿಲ್ಲ.

ಮಾರ್ಚ್ 22, ಶುಕ್ರವಾರ

ಯಜಮಾನರಿಗೆ ಹೇಳಿದೆ. ಅವಳು ಜೊತೆಗೆ ಬರುತ್ತೇನೆ ಅಂದಳು, ಬೇಡ ಅಂದೆ. ಇಬ್ಬರೂ ಬೈಸಿಕೊಳ್ಳುವುದು ಯಾಕೆ.

ಯಜಮಾನರು ಹಾಳೆಯನ್ನು ತುಂಬಾ ಹೊತ್ತು ನೋಡಿದರು. ಮುಖ ಬಾಡಿತು. ಅವರಿಗೂ ನನ್ನ ಹಾಗೇ ಬೆವರುವ ಕೈ, ಅದನ್ನು ನಾನು ಇವತ್ತೇ ಗಮನಿಸಿದ್ದು.

“ಇದನ್ನ ಯಾರ್ಯಾರು ನೋಡಿದ್ದಾರೆ?”

“ನಾನು... ನಾನೇ.”

“ಚೆನ್ನಾಗಿ ಬರೆದಿದ್ದಾರೆ. ಅದು ಬೇರೆ ಮಾತು.” ಹಾಳೆ ಮಗುಚಿಟ್ಟರು. “ನೋಡಮ್ಮಾ, ಅಂಗಡಿಯವರು ಪುಸ್ತಕದ ಕಟ್ಟೇ ವಾಪಸ್ ಕಳಿಸ್ತಾರೆ. ಅಪ್ಪ ಅಚ್ಚು ಹಾಕಿದ್ದು ಹೇಗಿತ್ತೋ ಹಾಗೇ ಇರ್ಲಿ. ಆ ತೇಪೆ ಅಂಟಿಸಿ. ಈ ಸಲ ಗಟ್ಟಿಯಾಗಿ ಅಂಟಿಸಿ. ನಿಮಗಾಗಲ್ಲ ಅಂದ್ರೆ ಮಸಿ ಕೆಲಸಕ್ಕೆ ಬೇರೆಯವರಿದ್ದಾರೆ.”

“ಸರಿ ಸಾರ್,” ಅಂದೆ.

ಈ ಕೆಲಸ ಹೋದರೆ ನನಗೆ ಬೇರೆ ಏನು ಬರುತ್ತದೆ? ಗೆರೆ ಎಳೆಯುವುದು ಬಿಟ್ಟು ಏನೂ ಬರುವುದಿಲ್ಲ.

ಮಾರ್ಚ್ 25, ಸೋಮವಾರ

ಕೊನೆಯ ಪುಟ ಮುಗಿಯಿತು.

ಹೊಸ ಹಾಳೆಯಲ್ಲಿ ಕೆಳಗಿನ ಮುಖವನ್ನೇ ಬರೆದೆ, ಹಣೆಗಂಟಿದ ಕೂದಲಿನ ಸಮೇತ. ಆಮೇಲೆ ಬೇರೆ ಕಾಗದದಲ್ಲಿ ರಾಜಕುಮಾರನ ಮುಖ ಬರೆದು, ಕತ್ತರಿಸಿ, ಅವಳ ಮೇಲೆ ಅಂಟಿಸಿದೆ. ನಾಲ್ಕು ಮೂಲೆಗೆ ಮಾತ್ರ. ಅಜ್ಜಿ ಮಾಡಿದ ಹಾಗೇ. ಯಜಮಾನರ ಮಾತೂ ಉಳಿಯಿತು, ಅವಳೂ ಉಳಿದಳು ಅಂದುಕೊಂಡೆ. ಬುದ್ಧಿವಂತಿಕೆ ಮಾಡಿದೆ ಅಂತ ಅರ್ಧ ಗಂಟೆ ಸಮಾಧಾನವಾಗಿತ್ತು.

ಬಣ್ಣ ಹಾಕುವವಳು ಬಂದು ಉಗುರಿನಿಂದ ತೇಪೆಯ ಅಂಚು ಮುಟ್ಟಿದಳು. ಗೊತ್ತಾಯಿತು ಅವಳಿಗೆ.

“ಹಾವೂ ಸಾಯ್ಲಿಲ್ಲ, ಕೋಲೂ ಮುರೀಲಿಲ್ಲ. ಅಲ್ವಾ?”

“ಇನ್ಯಾವತ್ತೋ ಬೀಳುತ್ತೆ...”

“ಆಗ ನಿಮಗೆ ಎಷ್ಟು ವಯಸ್ಸು?”

ಎಪ್ಪತ್ತಾರು ಅಂತ ಮನಸ್ಸಲ್ಲೇ ಲೆಕ್ಕ ಹಾಕಿದೆ.

“ನಾನೀಗ ಎರಡನೇ ನಂಬರು ಹಾಕ್ಲಾ, ಐದು ಹಾಕ್ಲಾ?”

“ಯಜಮಾನರು...”

“ನಿಮ್ಮನ್ನ ಕೇಳಿದ್ದು.”

ನಿಮ್ಮನ್ನ ಅಂದಳು. ಹನ್ನೆರಡು ದಿನದಿಂದ ನೀನು ಅನ್ನುತ್ತಿದ್ದಳು. ಅನ್ನುತ್ತಿದ್ದಳು ಅಂತ ಅದು ಹೋದ ಮೇಲೆ ಗೊತ್ತಾಯಿತು.

ಮಾರ್ಚ್ 26, ಮಂಗಳವಾರ

ನಾಲ್ಕು ಕಣ್ಣು ಮತ್ತೆ ಕನಸಿಗೆ ಬಂದವು. ಈ ಸಲ ಕೆಳಗಿನವು ನನ್ನನ್ನು ನೋಡಲಿಲ್ಲ. ಮುಚ್ಚಿಕೊಂಡಿದ್ದವು. ಅದು ಇನ್ನೂ ಕೆಟ್ಟದಾಗಿತ್ತು.

ಬೆಳಿಗ್ಗೆ ಅಕ್ಕನಿಗೆ ಹೇಳಿದೆ. ಮಿಷನ್ ಪಕ್ಕ ನಿಂತು, ಅಂಚು ಹಿಡಿದುಕೊಂಡು, “ಮೇಸ್ತ್ರಿಗೆ ಬೇಡ ಅಂತ ಹೇಳ್ಬಿಡು. ಅವರ ತಪ್ಪೇನಿಲ್ಲ ಅಂತಲೂ ಹೇಳು.”

“ಬೇರೆ ಯಾರಾದ್ರೂ ಇದ್ದಾನಾ?”

“ಇದ್ದಾನೆ ಅಲ್ಲ ಅಕ್ಕ.” ಮಿಷನ್ ಅಂಚು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ. “ಬಣ್ಣ ಹಾಕೋಳು. ನಮ್ಮ... ಆಫೀಸಿನವಳಲ್ಲ. ಅಂದ್ರೆ ಆಫೀಸಿನವಳೇ, ಆದ್ರೆ ನನಗೆ ಆಗಬೇಕಾದವಳು. ಅವಳಿಗೆ ಇನ್ನೂ ಹೇಳಿಲ್ಲ.”

ಅಕ್ಕ ಕಾಲು ತೆಗೆಯಲಿಲ್ಲ. ಸೂಜಿಯ ಕೆಳಗೆ ಬಟ್ಟೆ ಮುಗಿದಿತ್ತು, ಬರೀ ಮಿಷನ್ ತುಳಿಯುತ್ತಲೇ ಇದ್ದಳು. ಕೊನೆಗೆ ದಾರ ಕಡಿದು, “ಆ ನಾಟಕ ಆಗಿ ಇಪ್ಪತ್ತಮೂರು ವರ್ಷ ಆಯ್ತಲ್ಲೇ,” ಅಂದಳು.

ಹಾಗಾದರೆ ಅಕ್ಕನಿಗೂ ಗೊತ್ತಿತ್ತು. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಸೇರಿ ಅಂಟಿಸಿದ್ದೆವು.

ಇವತ್ತು ನನ್ನ ಊಟದ ಡಬ್ಬಿ ಕಟ್ಟಿರಲಿಲ್ಲ. ಮರೆತಿರಬಹುದು. ಮರೆತಿದ್ದಾಳೆ ಅಂತಲೇ ಇಟ್ಟುಕೊಳ್ಳುತ್ತೇನೆ.

ಮಾರ್ಚ್ 27, ಬುಧವಾರ

ಯಾರೂ ಓದಬಾರದು ಅಂತ ಮೊದಲ ಪುಟದಲ್ಲಿ ಬರೆದಿದ್ದೇನೆ. ನೀನು ಓದು. ಹಾಳೆಯ ಜೊತೆ ಈ ಪುಸ್ತಕವನ್ನೂ ನಿನ್ನ ಬಣ್ಣದ ಮೇಜಿನ ಮೇಲಿಟ್ಟು ಹೋಗುತ್ತೇನೆ. ಬಾಯಲ್ಲಿ ಹೇಳೋಣ ಅಂತ ನಾಲ್ಕು ಸಲ ನಿನ್ನ ಹತ್ತಿರ ಬಂದೆ, ನಾಲ್ಕು ಸಲವೂ ರಬ್ಬರ್ ಕೇಳಿಕೊಂಡು ವಾಪಸ್ ಬಂದೆ. ನಿನ್ನ ನಾಲ್ಕು ರಬ್ಬರ್ ನನ್ನ ಹತ್ತಿರವೇ ಇವೆ.

ತೇಪೆ ಕಿತ್ತಿದ್ದೇನೆ. ಎರಡು ದಿನದ ಗೋಂದು, ಸುಲಭವಾಗಿ ಬಂತು. ಮೂವತ್ತೆಂಟು ಪುಟದ ಕೈಗಳಲ್ಲಿ ದಪ್ಪ ಮಾಡಿದ್ದ ಅಷ್ಟನ್ನೂ ಬಿಳಿ ಬಣ್ಣ ಹಚ್ಚಿ ಮತ್ತೆ ಸಣ್ಣ ಮಾಡಿದ್ದೇನೆ. ಕೊನೆಯ ಚೌಕಕ್ಕೆ ಮಾತ್ರ ಒಂದು ಕೆಲಸ ಮಾಡಿದ್ದೇನೆ. ಅಜ್ಜಿ ಕವಚಕ್ಕೆ ದಪ್ಪ, ಮೈಗೆ ಸಣ್ಣ ಹಾಕಿದ್ದರಲ್ಲ, ನಾನು ಎಲ್ಲದಕ್ಕೂ ಒಂದೇ ನಿಬ್ಬು ಹಾಕಿದೆ. ಇಬ್ಬರ ಹಣೆ, ಇಬ್ಬರ ಕೈ, ಕವಚ, ಕಿರೀಟ. ಯಾವುದು ಯಾರ ಗೆರೆ ಅಂತ ಹಣೆ ತಾಗಿದಲ್ಲಿ ಗೊತ್ತಾಗುವುದಿಲ್ಲ. ಇದು ನಿಯಮದಲ್ಲಿಲ್ಲ. ತಪ್ಪು ಅಂತ ಗೊತ್ತಿದ್ದೇ ಮಾಡಿದ ಮೊದಲ ತಪ್ಪು.

ಸಂಜೆ ಯಜಮಾನರ ಬಾಗಿಲಲ್ಲಿ ನಿಂತು ಹೇಳಿದೆ, “ಸಾರ್, ತೇಪೆ ಹಾಕಿಲ್ಲ. ನನ್ನ ಕೈಯಲ್ಲಿ ಆಗಲ್ಲ.” ಅವರು ಫೋನಿನಲ್ಲಿದ್ದರು. ರಿಸೀವರ್ ಎದೆಗೊತ್ತಿಕೊಂಡು ನನ್ನನ್ನೇ ನೋಡಿದರು. “ಬೆಳಿಗ್ಗೆ ಒಂಬತ್ತಕ್ಕೆ ಹಾಳೆ ನನ್ನ ಮೇಜಿನ ಮೇಲಿರ್ಲಿ,” ಅಂದರು. ಬೇರೇನೂ ಇಲ್ಲ. ಸಿಟ್ಟಿತ್ತಾ? ಗೊತ್ತಾಗಲಿಲ್ಲ. ನಿಬ್ಬುಗಳನ್ನು ತೊಳೆದು ಡಬ್ಬಿಯಲ್ಲಿಟ್ಟಿದ್ದೇನೆ. ನಾಳೆ ಬೇರೆಯವರು ಕೂತರೆ ಹುಡುಕುವುದು ಬೇಡ.

ಇಬ್ಬರಿಗೂ ಎರಡನೇ ನಂಬರು ಅಂತ ಅಂಚಿನಲ್ಲಿ ಬರೆದಿದ್ದೇನೆ. ನಿನಗೆ ಹೆದರಿಕೆಯಾದರೆ ಬಣ್ಣ ಹಾಕಬೇಡ, ಹಾಳೆ ಹಾಗೇ ಕೊಡು, ನನ್ನೊಬ್ಬಳದೇ ಅಂತ ಹೇಳು. ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಳ್ಳುತ್ತೇನೆ, ಆದರೆ ಹೇಳುವುದಿಲ್ಲ.

ಅಜ್ಜಿ ಅವತ್ತು ‘ಈ ಹುಡುಗಿ ನಿನಗೇನಾಗ್ಬೇಕು’ ಅಂತ ಕೇಳಿದ್ದಕ್ಕೆ ನಾನು ಕೊಟ್ಟ ಉತ್ತರ ತಪ್ಪು. ಇನ್ನೊಂದು ಸಲ ಕೇಳಲಿ. ಅಥವಾ ನೀನೇ ಕೇಳು.

ಒಂದು ಕೆಲಸ ಮಾತ್ರ ಮಾಡು. ಬೆಳಿಗ್ಗೆ ಬೆಳಕಿಗೆ ಹಿಡಿದು ಆ ಮುಖದ ಸುತ್ತ ನಾಲ್ಕೂ ಮೂಲೆ ಬೆರಳಲ್ಲಿ ಮುಟ್ಟಿ ನೋಡು. ನಾನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದೇನೆ, ಮೂರು ಸಲ ನೋಡಿದ್ದೇನೆ. ಆದರೂ ಬಲಗಡೆ ಮೇಲಿನ ಮೂಲೆ ಸ್ವಲ್ಪ ಜಿಗುಟು ಅನಿಸಿತು. ಅಲ್ಲಿ ಅಂಟು ಉಳಿದಿರಬಾರದು. ಇನ್ನೊಂದ್ಸಲ ನೋಡು.